ಒಂದು ಮಳೆಗಾಲ ಬಳಸಿದ ಮೇಲೆ: ನಾಲ್ಕು ಸಾವಿರದ ಆರುನೂರರ ಮೈಕ್ರೋಸ್ಕೋಪು

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘2000 ಪಟ್ಟು’ ಎಂದಿದೆ. ನಂಬಬೇಡಿ. ಮಕ್ಕಳಿಗೆಂದು ಮೈಕ್ರೋಸ್ಕೋಪು ಹುಡುಕುವವರ ಕಣ್ಣು ಮೊದಲು ಹೋಗುವುದೇ ಆ ಸಂಖ್ಯೆಯ ಮೇಲೆ, ಹಾಗಾಗಿ ಇದನ್ನು ಮೊದಲು ಹೇಳಿ ಮುಗಿಸುತ್ತೇನೆ. ಇದರಲ್ಲಿ 4, 10, 40ರ ಮೂರು ಆಬ್ಜೆಕ್ಟಿವ್ (ಸ್ಲೈಡಿನ ಹತ್ತಿರದ ಮಸೂರ), 10 ಮತ್ತು 25ರ ಎರಡು ಐಪೀಸ್ (ಕಣ್ಣಿಡುವ ಕಡೆಯ ಮಸೂರ), ಜತೆಗೆ ಎಲ್ಲವನ್ನೂ ಇಮ್ಮಡಿ ಮಾಡುವ ಒಂದು ಪ್ಲಾಸ್ಟಿಕ್ ಕೊಳವೆ ಉಂಟು. ನಲವತ್ತನ್ನು ಇಪ್ಪತ್ತೈದರಿಂದ ಗುಣಿಸಿ, ಮತ್ತೆ ಎರಡರಿಂದ ಗುಣಿಸಿದರೆ ಎರಡು ಸಾವಿರ. ಲೆಕ್ಕ ಸರಿ, ಚಿತ್ರ ಸರಿಯಿಲ್ಲ. 40ರ ಆಬ್ಜೆಕ್ಟಿವಿನ ಮೈಮೇಲೆ ಸಣ್ಣಗೆ 0.65 ಎಂದು ಕೊರೆದಿರುತ್ತದೆ. ಮಸೂರ ಎಷ್ಟು ಅಗಲದಿಂದ ಬೆಳಕನ್ನು ಬಾಚಿಕೊಳ್ಳುತ್ತದೆ ಎಂಬುದರ ಅಳತೆ ಅದು. ಆ ಸಂಖ್ಯೆಯ ಸಾವಿರ ಪಟ್ಟು, ಅಂದರೆ ಸುಮಾರು 650, ದಾಟಿದ ಮೇಲೆ ದೊಡ್ಡದಾಗುವುದು ಮಸುಕು ಮಾತ್ರ. ಕೊಳವೆಯನ್ನು ಮೊದಲ ದಿನವೇ ವಾಪಸು ಡಬ್ಬಿಗೆ ಹಾಕಿದೆ. 400 ಪಟ್ಟಿನಲ್ಲಿ ಚಿತ್ರ ಚೊಕ್ಕವಾಗಿ ಬರುತ್ತದೆ. ಮನೆಗೆ ಅಷ್ಟು ಸಾಕು.

ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದವಳು. ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ 27 ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ಲ್ಯಾಬಿನಲ್ಲಿ ನಮಗಿದ್ದದ್ದು ಕನ್ನಡಿಯಿಂದ ಬೆಳಕು ತಿರುಗಿಸುವ ಒಂದೇ ಹಳೇ ಮೈಕ್ರೋಸ್ಕೋಪು, ನಲವತ್ತು ಮಕ್ಕಳು ಸಾಲುಗಟ್ಟಿ ಬಗ್ಗಿ ನೋಡುವುದು. “ಕಂಡಿತಾ?” “ಕಂಡಿತು ಟೀಚರ್.” ಎಂತ ಕಂಡಿತು ಅಂತ ನಾನೂ ಕೇಳುತ್ತಿರಲಿಲ್ಲ. ಹೆಚ್ಚಿನವರು ಕಂಡದ್ದು ತಮ್ಮದೇ ರೆಪ್ಪೆಗೂದಲು ಇರಬೇಕು.

ಈಗ ಇದನ್ನು ಕೊಳ್ಳಲಿಕ್ಕೆ ಕಾರಣ ಆಚೆಮನೆಯ ಹುಡುಗಿ. ಎಂಟನೇ ಕ್ಲಾಸು, ಎಲ್ಲರ ಬಾಯಲ್ಲೂ ಪುಟ್ಟಿ. ಕೋಶದ ಪಾಠ ಓದಿಕೊಂಡು ಬಂದು ಜಗಲಿಯಲ್ಲಿ ಕೂತು ಕೇಳಿದಳು: “ಟೀಚರೇ, ಅಮೀಬಕ್ಕೆ ಒಂದೇ ಕೋಶದಲ್ಲಿ ಎಲ್ಲ ಆಗ್ತದಲ್ಲ. ತಿನ್ನುದು, ಉಸಿರಾಡುದು, ಮಕ್ಕಳು ಮಾಡುದು ಎಲ್ಲ. ಮತ್ತೆ ನಮಗೆ ಎಂತಕ್ಕೆ ಇಷ್ಟು?” ಇಷ್ಟು ಅಂದರೆ ನಮ್ಮ ಮೈಯಲ್ಲಿ ಮೂವತ್ತರಿಂದ ಮೂವತ್ತೇಳು ಲಕ್ಷ ಕೋಟಿ ಕೋಶಗಳು. ‘ಶ್ರಮ ವಿಭಜನೆ’ ಎಂದು ಬರೆದರೆ ಪರೀಕ್ಷೆಯಲ್ಲಿ ಎರಡು ಮಾರ್ಕು ಬರುತ್ತದೆ. ಆ ಎರಡು ಮಾರ್ಕನ್ನು ನಾನೇ ಎಷ್ಟು ಸಾವಿರ ಸಲ ಕೊಟ್ಟಿದ್ದೇನೋ. ಅವಳಿಗೆ ಅದನ್ನೇ ಹೇಳಲು ನಾಚಿಕೆಯಾಯಿತು. ಮೇ ತಿಂಗಳಲ್ಲಿ ಮಂಗಳೂರಿಗೆ ಮದುವೆಗೆ ಹೋದವಳು ಉಪಕರಣದ ಅಂಗಡಿಯೊಂದಕ್ಕೆ ಹೊಕ್ಕು ಇದನ್ನು ಹೊತ್ತು ತಂದೆ. ಹಾಗಾಗಿ ಈ ವಿಮರ್ಶೆಯಲ್ಲಿ ನನ್ನ ಪರೀಕ್ಷೆ ಒಂದೇ: ಪುಟ್ಟಿಯ ಪ್ರಶ್ನೆಗೆ ಉತ್ತರವನ್ನು ಇದು ಕಣ್ಣಿಗೆ ತೋರಿಸುತ್ತದೋ ಇಲ್ಲವೋ.

ಮೊದಲ ಸ್ಲೈಡು ನಮ್ಮ ಸುರಂಗದ ನೀರು. ಗುಡ್ಡೆಯ ಮುರಕಲ್ಲು ಕೊರೆದು ತೆಗೆದ ಸುರಂಗದಿಂದಲೇ ಈಗಲೂ ನಾವು ಕುಡಿಯುವುದು. ಏನೂ ಕಾಣಲಿಲ್ಲ, ಒಂದು ಗಾಳಿಗುಳ್ಳೆ ಬಿಟ್ಟರೆ. ಪುಟ್ಟಿಯ ಮುಖ ಬಾಡಿತು, ನಮ್ಮ ನೀರು ಚೊಕ್ಕ ಎಂದು ಮಾವನವರ ಮುಖ ಅರಳಿತು. ಮೊದಲ ದಿನ ಏನೂ ಕಾಣಲಿಲ್ಲವೆಂದು ಅಂಗಡಿಯವನಿಗೆ ಫೋನು ಮಾಡುವ ಮೊದಲು ನೀರನ್ನು ಬದಲಿಸಿ ನೋಡಿ.

ಜೀವ ಬೇಕಿದ್ದರೆ ಬೈಹುಲ್ಲು ಬೇಕು. ಒಂದು ಹಿಡಿ ಬೈಹುಲ್ಲನ್ನು ತುಂಡರಿಸಿ, ತೋಡಿನ ಪಕ್ಕದ ಹೊಂಡದ ನೀರಿನಲ್ಲಿ ನೆನೆಸಿ, ಬಾಯಿ ತೆರೆದ ಬಾಟ್ಲಿಯಲ್ಲಿ ವಾರ ಇಟ್ಟೆವು. ಹೊಲಸು ನಾತ. ಆದರೆ ಕಲೆಕ್ಟರ್ ಮಳೆಗೆ ರಜೆ ಕೊಟ್ಟ ಒಂದು ದಿನ ಬೆಳಗ್ಗೆ ಆ ಬಾಟ್ಲಿಯ ಮೇಲ್ಪದರದ ಒಂದು ಹನಿಯಲ್ಲಿ ಪ್ಯಾರಮೀಸಿಯಂ ಕಿಕ್ಕಿರಿದಿದ್ದವು. ಚಪ್ಪಲಿಯ ಅಟ್ಟೆಯ ಆಕಾರ, ಉದ್ದ ಮಿಲಿಮೀಟರಿನ ಕಾಲು ಭಾಗದಷ್ಟು. 10ರ ಆಬ್ಜೆಕ್ಟಿವಿನಲ್ಲಿ ಚೆನ್ನಾಗಿ ಕಾಣುತ್ತದೆ. 40ಕ್ಕೆ ತಿರುಗಿಸಿದರೆ ಚೌಕಟ್ಟಿನಿಂದ ಓಡಿಹೋಗುತ್ತದೆ. ಹತ್ತಿಯ ನಾಲ್ಕು ಎಳೆ ಬಿಡಿಸಿ ಹನಿಯೊಳಗೆ ಹಾಕಿ, ಎಳೆಗಳ ನಡುವೆ ಸಿಕ್ಕಿಬಿದ್ದು ನಿಧಾನವಾಗುತ್ತದೆ. ಮೈಯ ಎರಡೂ ಕೊನೆಯಲ್ಲಿ ನೀರನ್ನು ಹೊರಗೆ ದೂಡುವ ಗುಳ್ಳೆಗಳು ಉಬ್ಬಿ ಇಂಗಿ ಮಾಡುವುದನ್ನು ಪುಟ್ಟಿ ಗಡಿಯಾರ ಹಿಡಿದು ಎಣಿಸಿದಳು. ಒಂದೇ ಕೋಶ, ಬಾಯಿ, ಪಂಪು, ಈಜಲು ಹುಟ್ಟಿನಂಥ ಸಾವಿರಾರು ರೋಮ ಎಲ್ಲ ಅದರಲ್ಲೇ.

ಅದೇ ಬಾಟ್ಲಿಯಲ್ಲಿ ಹತ್ತು ದಿನ ಕಳೆದು ರೋಟಿಫರ್ ಎಂಬ ಬಹುಕೋಶದ ಪುಟ್ಟ ಪ್ರಾಣಿ ಬಂತು. ಗಾತ್ರದಲ್ಲಿ ಎರಡೂ ಹತ್ತಿರಹತ್ತಿರ. ಆದರೆ ರೋಟಿಫರಿನಲ್ಲಿ ಸುಮಾರು ಸಾವಿರ ಕೋಶಗಳು (ಕೆಲವು ಅಂಗಾಂಶಗಳಲ್ಲಿ ಕೋಶಗಳ ನಡುವಿನ ಪೊರೆಯೇ ಇಲ್ಲದ ಕಾರಣ ಕೋಶಕೇಂದ್ರಗಳನ್ನು ಎಣಿಸಿ ಹೇಳುವ ಲೆಕ್ಕವಿದು). ತಲೆಯಲ್ಲಿ ಎರಡು ಚಕ್ರ ತಿರುಗಿದ ಹಾಗೆ ಕಾಣುವ ರೋಮಗಳು, ಒಳಗೆ ಅಕ್ಷರಶಃ ಅಗಿಯುವ ದವಡೆ, ಬುಡದಲ್ಲಿ ಕಸಕ್ಕೆ ಅಂಟಿಕೊಳ್ಳಲು ಬೆರಳು. ಚಕ್ರ ಎಳೆಯುವ ಸುಳಿಗೆ ಸಿಕ್ಕಿದ ಸಣ್ಣ ಜೀವಿಗಳು ನೇರ ದವಡೆಗೆ. ಒಂದು ಭಾಗ ಹಿಡಿದುಕೊಂಡಿದ್ದರೆ ಇನ್ನೊಂದು ಭಾಗ ಅಗಿಯುತ್ತಿತ್ತು. ಒಂದೇ ಅಳತೆಯ ಎರಡು ಜೀವಿಗಳನ್ನು ಒಂದೇ ಹನಿಯಲ್ಲಿ ಅಕ್ಕಪಕ್ಕ ಇಟ್ಟು ನೋಡುವ ಈ ಅವಕಾಶವೊಂದಕ್ಕೇ ನಾನು ಕೊಟ್ಟ ದುಡ್ಡಿನ ಅರ್ಧ ವಸೂಲು. ಅಂಗಳದ ಮುರಕಲ್ಲಿನ ಗೋಡೆಯಲ್ಲಿ ಬೇಸಗೆಗೆ ಒಣಗಿ ಕಪ್ಪಾದ ಹಾವಸೆಯನ್ನು ನೆನೆಸಿದರೂ ರೋಟಿಫರ್ ಎದ್ದುಬರುತ್ತದೆ. ಸೈಬೀರಿಯದ ಹಿಮದ ಮಣ್ಣಿನಲ್ಲಿ ಸುಮಾರು 24,000 ವರ್ಷ ಹೆಪ್ಪುಗಟ್ಟಿದ್ದ ರೋಟಿಫರ್ ಮತ್ತೆ ಜೀವ ತಳೆದದ್ದು 2021ರಲ್ಲಿ ಪ್ರಕಟವಾಯಿತು. ಇದು ಬರೀ ಏಕಕೋಶ ಜೀವಿಗಳ ಜಾಣತನ ಅಂದುಕೊಂಡವರಿಗಾಗಿ ಹೇಳಿದೆ.

“ಹಾಗಾದ್ರೆ ಪ್ಯಾರಮೀಸಿಯಂ ಒಂದೇ ಕೋಶ ಇಟ್ಟುಕೊಂಡು ಆನೆಯಷ್ಟು ಆಗಬಹುದಿತ್ತಲ್ಲ?” ಇದಕ್ಕೆ ಮೈಕ್ರೋಸ್ಕೋಪು ಬೇಡ, ಅಡುಗೆಮನೆ ಸಾಕು. ಪುಡ್ಡಿಂಗಿಗೆ ತಂದ ಚೈನಾಗ್ರಾಸ್ ಕುದಿಸಿ ತಟ್ಟೆಗೆ ಹೊಯ್ದು, ಗಟ್ಟಿಯಾದ ಮೇಲೆ ಒಂದು ಸೆಂಟಿಮೀಟರಿನ ಮತ್ತು ಎರಡು ಸೆಂಟಿಮೀಟರಿನ ಘನಾಕಾರದ ತುಂಡು ಮಾಡಿ ಕೇಸರಿ ಬಣ್ಣದ ನೀರಿಗೆ ಹಾಕಿದೆವು. ಸಂಜೆ ತೆಗೆದು ಕತ್ತರಿಸಿದರೆ ಬಣ್ಣ ಎರಡರಲ್ಲೂ ಒಂದೇ ಆಳಕ್ಕೆ ಇಳಿದಿತ್ತು. ಸಣ್ಣ ತುಂಡು ನಡುವಿನವರೆಗೂ ಕೇಸರಿ, ದೊಡ್ಡದರ ಹೊಟ್ಟೆ ಬಿಳಿ. ಬದಿ ಇಮ್ಮಡಿಯಾದರೆ ಮೇಲ್ಮೈ ನಾಲ್ಕು ಪಟ್ಟು, ಹೊಟ್ಟೆ ಎಂಟು ಪಟ್ಟು. ತಿನ್ನುವ ಬಾಯಿಗಿಂತ ತುಂಬಬೇಕಾದ ಹೊಟ್ಟೆ ಬೇಗ ಬೆಳೆಯುತ್ತದೆ. ನೀರಿನಲ್ಲಿ ಆಮ್ಲಜನಕ ತಾನಾಗಿ ಹರಡಿಕೊಂಡು ಒಂದು ಮಿಲಿಮೀಟರ್ ಹೋಗಲು ಕೆಲವು ನಿಮಿಷ. ಒಂದು ಸೆಂಟಿಮೀಟರಿಗೆ ಹಲವು ಗಂಟೆ. ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟು. ಆನೆಗಾತ್ರದ ಕೋಶದ ನಡುವಿಗೆ ಉಸಿರು ಮುಟ್ಟುವಾಗ ಅದು ಸತ್ತು ಎಷ್ಟೋ ಕಾಲವಾಗಿರುತ್ತದೆ. ದೊಡ್ಡದಾಗಬೇಕಿದ್ದರೆ ಸಣ್ಣ ಸಣ್ಣ ಕೋಶಗಳಾಗಿ ಒಡೆದು, ನಡುವೆ ರಕ್ತವನ್ನೋ ರಸವನ್ನೋ ಹರಿಸಲು ತೋಡು ತೋಡಬೇಕು.

ಇನ್ನು ಅಜೋಲ್ಲ, ನೀರಿನ ಮೇಲೆ ತೇಲುವ ಪುಟ್ಟ ಜರಿಗಿಡ. ನನ್ನ ಮಟ್ಟಿಗೆ ಈ ಯಂತ್ರದ ನಿಜವಾದ ಪರೀಕ್ಷೆ ಇದುವೇ.

ದನಕ್ಕೆ ಹಾಕಲು ಟರ್ಪಾಲಿನ ಹೊಂಡದಲ್ಲಿ ಅಜೋಲ್ಲ ಬೆಳೆಸುವವರು ನಮ್ಮ ಊರಿನಲ್ಲಿ ಸಾಕಷ್ಟು ಮಂದಿ. ಅದರ ಒಂದು ಎಲೆ ಕಿತ್ತು, ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಕವರ್ ಸ್ಲಿಪ್ ಎಂಬ ತೆಳುಗಾಜು ಮುಚ್ಚಿ ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿ. ಎಲೆಯ ಒಳಗಿನ ಗೂಡು ಒಡೆದು ನೀಲಿಹಸುರು ಮಣಿಸರಗಳು ಹೊರಗೆ ಚೆಲ್ಲುತ್ತವೆ. ಅದು ಅನಬೀನ, ಎಲೆಯೊಳಗೆ ಬಾಳುವ ನೀಲಿಹಸುರು ಬ್ಯಾಕ್ಟೀರಿಯ. 400 ಪಟ್ಟಿನಲ್ಲಿ ಮಣಿಮಣಿಯನ್ನೂ ಎಣಿಸಬಹುದು. ನಡುನಡುವೆ ಒಂದೊಂದು ಮಣಿ ದೊಡ್ಡದು, ಬಣ್ಣ ತೆಳು, ಗೋಡೆ ದಪ್ಪ, ನೆರೆಮಣಿಗೆ ತಾಗುವಲ್ಲಿ ಹೊಳೆಯುವ ಚುಕ್ಕೆ. ಹೆಟರೋಸಿಸ್ಟ್ ಎಂಬ ಆ ಕೋಶಗಳು ಕಾಣಿಸದಿದ್ದರೆ ಮೈಕ್ರೋಸ್ಕೋಪನ್ನು ವಾಪಸು ಕೊಡಿ. ನನ್ನದರಲ್ಲಿ ಕಂಡಿತು, ಬೆಳಕನ್ನು ಸ್ವಲ್ಪ ತಗ್ಗಿಸಬೇಕಾಯಿತು ಅಷ್ಟೆ.

ಆ ತೆಳುಬಣ್ಣದ ಮಣಿ ಎಂತ ಮಾಡುತ್ತದೆ ಎಂಬುದರಲ್ಲೇ ಪುಟ್ಟಿಯ ಪ್ರಶ್ನೆಯ ತಿರುಳು. ಅನಬೀನಕ್ಕೆ ಎರಡು ಕಸುಬು. ಬಿಸಿಲಿನಿಂದ ಸಕ್ಕರೆ ಮಾಡುವುದು ಒಂದು, ಅದರಲ್ಲಿ ಆಮ್ಲಜನಕ ಹೊರಬರುತ್ತದೆ. ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುವುದು ಇನ್ನೊಂದು. ಆ ಕೆಲಸದ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಟ್ಟಿತು. ಒಂದೇ ಕೋಶದಲ್ಲಿ ಎರಡನ್ನೂ ಒಟ್ಟಿಗೆ ಮಾಡುವಂತಿಲ್ಲ. ಒಂಟಿ ಕೋಶದ ಕೆಲವು ಬಂಧುಗಳು ಹಗಲು ಸಕ್ಕರೆ, ರಾತ್ರಿ ಸಾರಜನಕ ಎಂದು ಪಾಳಿ ಹಾಕಿಕೊಳ್ಳುತ್ತವೆ. ಸರದಲ್ಲಿ ಆ ತಾಪತ್ರಯವಿಲ್ಲ. ಸ್ವತಂತ್ರವಾಗಿ ಬೆಳೆಯುವ ಅನಬೀನದಲ್ಲಿ ಹತ್ತಕ್ಕೊಂದರಂತೆ ಕೋಶ ತನ್ನ ಸಕ್ಕರೆ ಕೆಲಸ ಬಿಟ್ಟು, ಗೋಡೆ ದಪ್ಪ ಮಾಡಿಕೊಂಡು, ಆಮ್ಲಜನಕವನ್ನು ಹೊರಗಿಟ್ಟು ಸಾರಜನಕಕ್ಕೆ ಕೂರುತ್ತದೆ. ನೆರೆಯವರು ಸಕ್ಕರೆ ಕೊಡುತ್ತಾರೆ, ಇದು ಸಾರಜನಕ ಕೊಡುತ್ತದೆ. ಅಜೋಲ್ಲದ ಒಳಗೆ ಇಂಥ ಕೋಶಗಳು ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿ ಸಕ್ಕರೆಯ ಖರ್ಚು ಗಿಡದ್ದು. ಎರಡು ಮಾರ್ಕಿನ ‘ಶ್ರಮ ವಿಭಜನೆ’ ಎಂಬ ಶಬ್ದದ ಹಿಂದೆ ಇಷ್ಟು ಗಟ್ಟಿ ಕಾರಣ ಉಂಟು: ಒಟ್ಟಿಗೆ ಮಾಡಲು ಬಾರದ ಎರಡು ಕೆಲಸಗಳನ್ನು ಒಂದೇ ಹೊತ್ತಿಗೆ ಮಾಡುವ ಉಪಾಯ.

ಬೆಲೆಯೂ ಉಂಟು. ಹೆಟರೋಸಿಸ್ಟ್ ಆದ ಕೋಶ ಮತ್ತೆ ಒಡೆದು ಎರಡಾಗುವುದಿಲ್ಲ.

“ಅದಕ್ಕೆ ಮಕ್ಕಳಾಗುದೇ ಇಲ್ವಾ? ಮತ್ತೆ ಅದು ಯಾರಿಗೆ ದುಡಿಯುದು?”

27 ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮಗು ಇದು ಮೊದಲು. ಸರದ ಎಲ್ಲ ಮಣಿಗಳೂ ಒಂದೇ ಕೋಶ ಒಡೆದೊಡೆದು ಆದವು, ಎಲ್ಲರ ಹತ್ತಿರ ಇರುವುದು ಒಂದೇ ಆಸ್ತಿಪತ್ರ, ನೆರೆಮಣಿಗೆ ಮಕ್ಕಳಾದರೆ ಇದರದ್ದೇ ಪ್ರತಿ ಮುಂದೆ ಹೋದ ಹಾಗೆ ಎಂದು ಹೇಳಿದೆ. “ನಮ್ಮ ದೊಡ್ಡತ್ತೆಯ ಹಾಗೆ,” ಎಂದಳು. ದೊಡ್ಡತ್ತೆ ಮದುವೆಯಾಗದೆ ಆ ಮನೆಯ ಮಕ್ಕಳನ್ನೆಲ್ಲ ಸಾಕಿದವರು. ಹೋಲಿಕೆ ಸರಿಯಾ ಅಂತ ನನಗೆ ಈಗಲೂ ಅನುಮಾನ, ಆದರೆ ತಿದ್ದಲಿಲ್ಲ. ಒಪ್ಪಂದ ಮುರಿದು ತನ್ನಷ್ಟಕ್ಕೆ ಒಡೆಯುತ್ತ ಹೋಗುವ ಕೋಶದ ವಿಷಯವನ್ನೂ ಹೇಳಬಹುದಿತ್ತು. ನನ್ನ ಅಕ್ಕ ಹೋದದ್ದು ಅದರಿಂದಲೇ. ಅವತ್ತು ಬೇಡವೆನಿಸಿತು.

ವಾಲ್ವಾಕ್ಸ್ ಎಂಬ ಚೆಂಡಿನಾಕಾರದ ಹಸುರು ಪಾಚಿಯನ್ನು ಹುಡುಕಲು ಮೂರು ಕೆರೆ, ಎರಡು ಹೊಂಡ ಸುತ್ತಿದೆವು. ಕೊನೆಗೆ ಸಿಕ್ಕಿದ್ದು ಬೈಲಿನ ಬದಿಯ, ಬಿಸಿಲು ಬೀಳುವ ಒಂದು ಮಳೆಹೊಂಡದಲ್ಲಿ. ಗಾಜಿನ ಬಾಟ್ಲಿಯನ್ನು ಬೆಳಕಿಗೆ ಹಿಡಿದರೆ ಗುಂಡುಸೂಜಿಯ ತಲೆಗಿಂತ ಸಣ್ಣ ಹಸುರು ಚುಕ್ಕೆಗಳು ಉರುಳಿಕೊಂಡು ಬೆಳಕಿನ ಕಡೆ ಹೋಗುತ್ತವೆ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1700ರಲ್ಲೇ ತನ್ನ ಒಂಟಿ ಮಸೂರದಲ್ಲಿ ಇದನ್ನು ಕಂಡು ಪತ್ರ ಬರೆದಿದ್ದ. ನಮ್ಮ ಮೂರು ಆಬ್ಜೆಕ್ಟಿವಿನ ಯಂತ್ರದಲ್ಲಿ ಮೊದಲ ಎರಡು ಸಲ ಕಂಡದ್ದು ಹಸುರು ಚಟ್ನಿ. ಕವರ್ ಸ್ಲಿಪ್ ಅದನ್ನು ಅರೆದುಹಾಕುತ್ತದೆ. ನಡುವೆ ಗುಳಿಯಿರುವ ಸ್ಲೈಡ್ ಬೇಕು, ಅದು ಈ ಪೆಟ್ಟಿಗೆಯಲ್ಲಿಲ್ಲ. ಬೇಡದ ಪ್ಲಾಸ್ಟಿಕ್ ಕೊಳವೆಯ ಬದಲು ಎರಡು ಗುಳಿ ಸ್ಲೈಡ್ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಸ್ಲೈಡಿನ ಮೇಲೆ ವ್ಯಾಸಲೀನಿನ ಉಂಗುರ ಬರೆದು ಅದರ ನಡುವೆ ಹನಿ ಬಿಟ್ಟು ಸುಧಾರಿಸಿದೆ.

ಆಮೇಲೆ 4ರ ಆಬ್ಜೆಕ್ಟಿವಿನಲ್ಲಿ ಕಂಡದ್ದನ್ನು ಬರೆಯುವುದು ಕಷ್ಟ. ಗಾಜಿನ ಚೆಂಡು, ಅದರ ಮೈತುಂಬ ಹಸುರು ಚುಕ್ಕೆ, ಒಳಗೆ ಏಳೆಂಟು ಮರಿಚೆಂಡು. ಒಂದು ಜಾತಿಯ ವಾಲ್ವಾಕ್ಸಿನಲ್ಲಿ ಈ ಲೆಕ್ಕ ಚೊಕ್ಕವಾಗಿ ತಿಳಿದಿದೆ: ಹೊರಮೈಯ ಸುಮಾರು 2000 ಕೋಶಗಳಿಗೆ ಈಜುವುದೇ ಕೆಲಸ, ಒಳಗಿನ ಹದಿನಾರರಷ್ಟು ಕೋಶಗಳಿಗೆ ಮರಿ ಮಾಡುವುದೇ ಕೆಲಸ. ಇದರ ಬಂಧು ಕ್ಲಮಿಡೋಮೊನಸ್ ಒಂಟಿ ಕೋಶ; ಒಡೆಯುವ ಹೊತ್ತಿಗೆ ಅದು ಈಜು ನಿಲ್ಲಿಸಬೇಕಾಗುತ್ತದೆ. ವಾಲ್ವಾಕ್ಸ್ ನಿಲ್ಲಿಸುವುದಿಲ್ಲ. ಮರಿಚೆಂಡುಗಳು ದೊಡ್ಡವಾದ ಮೇಲೆ ತಾಯಿಚೆಂಡನ್ನು ಒಡೆದು ಹೊರಬರುತ್ತವೆ, ತಾಯಿ ಸಾಯುತ್ತದೆ. ನಮ್ಮ ಉಂಗುರದೊಳಗೆ ಹರಿದ ತಾಯಿಚೆಂಡೊಂದು ಬಿದ್ದಿತ್ತು. ಪ್ಯಾರಮೀಸಿಯಂ ಎರಡಾದಾಗ ಹೆಣವೇ ಉಳಿಯುವುದಿಲ್ಲವಲ್ಲ ಎಂದು ಪುಟ್ಟಿಯೇ ಗಮನಿಸಿದಳು. ಹೌದು. ಮೈ ಎನ್ನುವುದು ಬಂದ ಮೇಲೆ ಬಂದ ಲೆಕ್ಕ ಅದು.

ಆಟಿ ತಿಂಗಳಲ್ಲಿ ಅಡಿಕೆಗೆ ಮಹಾಳಿ, ಅಂದರೆ ಕೊಳೆರೋಗ, ಬಂತು. ಮದ್ದು ಬಿಡಿಸಿದ್ದರೂ ಎರಡನೇ ಸುತ್ತಿಗೆ ಮಳೆ ಬಿಡಲಿಲ್ಲ. ನಾಲ್ಕು ಮನೆಯವರು ಉದುರಿದ ಕಾಯಿ ಹಿಡಿದುಕೊಂಡು ನನ್ನ ಜಗಲಿಗೆ ಬಂದರು. ಬಿಳಿ ಬೂಜು ಹಿಡಿದ ಕಾಯಿಯಿಂದ ಸೂಜಿಯಲ್ಲಿ ಕೆರೆದು ನೋಡಿದರೆ ನಿಂಬೆಹಣ್ಣಿನ ಆಕಾರದ ಚೀಲಗಳು. ಫೈಟಾಫ್ತೊರ ಎಂಬ ಜೀವಿ ಅದು. ನೀರು ಸಿಕ್ಕಿದರೆ ಚೀಲ ಒಡೆದು ಎರಡು ಬಾಲದ ಒಂಟಿ ಕೋಶಗಳು ಈಜಿಕೊಂಡು ಹೊರಡುತ್ತವೆ. ತಮಾಷೆಯೆಂದರೆ, ಇದು ಏಕಕೋಶವೋ ಬಹುಕೋಶವೋ ಎಂದು ಕೇಳಿದರೆ ನಾನು ತಡಬಡಾಯಿಸಬೇಕು. ಎಳೆಗಳ ಒಳಗೆ ಅಡ್ಡಗೋಡೆಯಿಲ್ಲ, ಒಂದೇ ಉದ್ದ ಕೊಳವೆಯಲ್ಲಿ ನೂರಾರು ಕೇಂದ್ರಗಳು. ಸಮುದ್ರದ ಪಾಚಿ ಕೌಲರ್ಪವೂ ಹಾಗೆಯೇ, ಎಲೆ ಕಾಂಡ ಬೇರಿನಂಥ ಭಾಗಗಳಿದ್ದು ಮೀಟರುಗಟ್ಟಲೆ ಹಬ್ಬಿದರೂ ಲೆಕ್ಕಕ್ಕೆ ಒಂದೇ ಕೋಶ. ಆನೆಯ ಬಗ್ಗೆ ಅಷ್ಟು ಖಡಾಖಂಡಿತ ಹೇಳಿದ್ದೆನಲ್ಲ, ಇದನ್ನು ಓದಿದ ಮೇಲೆ ಸ್ವಲ್ಪ ಸಡಿಲಿಸಬೇಕಾಯಿತು. ಆದರೆ ಗಮನಿಸಿ, ಇವೆಲ್ಲ ತೆಳ್ಳಗಿನ ಕೊಳವೆ, ಚಪ್ಪಟೆ ಎಲೆ. ಯಾವುದೂ ಆನೆಯಂತೆ ದಪ್ಪಗಿಲ್ಲ.

ಮದ್ದು ಬಿಡಿಸಿದ ಖರ್ಚಿನ ಚಿಂತೆಯಲ್ಲಿದ್ದ ನೆರೆಯವರು, “ಇದನ್ನೆಲ್ಲ ನೋಡಿ ಎಂತ ಲಾಭ ಟೀಚರೇ?” ಎಂದರು. ಕಾಯಿಯ ಬೂಜು ಹರಡಲು ನೆಲದಿಂದ ನೀರು ಚಿಮ್ಮಿದರೇ ಸಾಕು, ಉದುರಿದ್ದನ್ನು ಹೆಕ್ಕಿ ದೂರ ಹಾಕಿ ಎಂದೆ. ಅಷ್ಟು ಅವರಿಗೂ ಗೊತ್ತಿತ್ತು.

ಹಾಗಾದರೆ ಒಂಟಿಯಾಗಿದ್ದವು ಒಟ್ಟಾದದ್ದಾದರೂ ಯಾಕೆ? ಇದನ್ನು ಮನೆಯ ಯಂತ್ರ ತೋರಿಸಲಾರದು, ಬೇರೆಯವರು ಮಾಡಿದ್ದನ್ನು ಹೇಳಬೇಕು. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂಟಿ ಕೋಶದ ಕ್ಲೋರೆಲ್ಲ ಪಾಚಿಯಿದ್ದ ಪಾತ್ರೆಗೆ ಅದನ್ನು ನುಂಗುವ ಇನ್ನೊಂದು ಏಕಕೋಶ ಜೀವಿಯನ್ನು ಬಿಟ್ಟರು. ನೂರು ತಲೆಮಾರು ಕಳೆಯುವ ಮೊದಲೇ ಪಾಚಿ ಗುಂಪು ಕಟ್ಟಿತು, ಕೊನೆಗೆ ಎಂಟು ಕೋಶದ ಗುಂಪಿನಲ್ಲಿ ನಿಂತಿತು. ನುಂಗುವ ಜೀವಿಯ ಬಾಯಿಗೆ ಹಿಡಿಸದಷ್ಟು ದೊಡ್ಡದು, ತನ್ನ ಕೋಶಗಳ ಹೊಟ್ಟೆಗೆ ಕಡಿಮೆಯಾಗದಷ್ಟು ಸಣ್ಣದು. 2012ರಲ್ಲಿ ಅಮೆರಿಕದ ವಿಲಿಯಂ ರಾಟ್‌ಕ್ಲಿಫ್ ಮತ್ತು ಸಂಗಡಿಗರು ಬ್ರೆಡ್ಡಿನ ಯೀಸ್ಟನ್ನೇ ತೆಗೆದುಕೊಂಡು, ದಿನಾ ಕೊಳವೆಯ ತಳಕ್ಕೆ ಬೇಗ ಇಳಿದವುಗಳನ್ನು ಮಾತ್ರ ಮುಂದಕ್ಕೆ ಬಿಟ್ಟರು. ಎರಡು ತಿಂಗಳಲ್ಲಿ ಮಗಳು ತಾಯಿಯಿಂದ ಬೇರೆಯಾಗದೆ ಕವಲುಕವಲಾದ ಗೊಂಚಲು ಸಿಕ್ಕಿತು. ನಾವು ಯೀಸ್ಟ್ ಪ್ಯಾಕೆಟ್ ತಂದು ಬೆಚ್ಚಗಿನ ಸಕ್ಕರೆನೀರಿನಲ್ಲಿ ಮೊಗ್ಗೊಡೆಯುವ ಯೀಸ್ಟನ್ನು ನೋಡಿದೆವು, ಅದು 400ರಲ್ಲಿ ಚೆಂದ ಕಾಣುತ್ತದೆ. ಗೊಂಚಲು ಮಾಡುವಷ್ಟು ತಾಳ್ಮೆ ನಮ್ಮಲ್ಲಿರಲಿಲ್ಲ.

ಒಂಟಿ ಕೋಶದವರು ಸೋತರು ಎಂದೇನೂ ಅಲ್ಲ. ಅನುಕೂಲವಿದ್ದರೆ ಕರುಳಿನ ಬ್ಯಾಕ್ಟೀರಿಯ 20 ನಿಮಿಷಕ್ಕೆ ಇಮ್ಮಡಿಯಾಗುತ್ತದೆ, ನಾವು ಪುಟ್ಟಿಯನ್ನು ಎಂಟನೇ ಕ್ಲಾಸಿಗೆ ಮುಟ್ಟಿಸಲು ಹದಿಮೂರು ವರ್ಷ ತೆಗೆದುಕೊಂಡೆವು. ಆದರೆ ಅವಳ ಕರುಳಿನ ಒಳಪದರದ ಕೋಶಗಳು ಕೆಲವೇ ದಿನಕ್ಕೆ ಸತ್ತು ಹೊಸತು ಬರುತ್ತವೆ, ಕೆಂಪು ರಕ್ತಕಣ 120 ದಿನ ಬಾಳುತ್ತದೆ. ಅವಳು ಮಾತ್ರ ಅವಳೇ. ಕವರ್ ಸ್ಲಿಪ್ ಒತ್ತಿ ಪ್ಯಾರಮೀಸಿಯಂ ಒಂದು ಕಡೆ ಹರಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು.

ಈಗ ಯಂತ್ರದ ದೂರುಗಳು. ಸೂಕ್ಷ್ಮ ಫೋಕಸಿನ ತಿರುಪು ಜಾರುತ್ತದೆ, 40ರಲ್ಲಿ ನೋಡುವಾಗ ಒಂದು ಕೈ ಅಲ್ಲೇ ಇರಬೇಕು. ಮೊಬೈಲು ಸಿಕ್ಕಿಸುವ ಕ್ಲಿಪ್ಪು ಉಪಯೋಗವಿಲ್ಲ. ಮೊಬೈಲನ್ನು ಕೈಯಲ್ಲೇ ಐಪೀಸಿಗೆ ಹಿಡಿದರೆ ಒಳ್ಳೆಯ ಫೋಟೋ ಬರುತ್ತದೆ. ಒಳ್ಳೆಯದು: ಎಲ್‌ಇಡಿ ಬೆಳಕು ಮೂರು ಪೆನ್ಸಿಲ್ ಸೆಲ್ಲಿನಲ್ಲೂ ನಡೆಯುತ್ತದೆ, ಕರೆಂಟಿಲ್ಲದ ಮಳೆಗಾಲದ ಸಂಜೆಗಳಲ್ಲಿ ನಾವು ನೋಡಿದ್ದೆಲ್ಲ ಹಾಗೆಯೇ. ಬೆಳಕು ಹೆಚ್ಚುಕಡಿಮೆ ಮಾಡುವ ಗುಂಡಿಯೂ ಉಂಟು, ಅದಿಲ್ಲದ ಅಗ್ಗದ ಮಾದರಿ ಬೇಡ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಅರ್ಧ ಕಡಿಮೆಯಾದದ್ದು ನನ್ನದೇ ತಪ್ಪಿಗೂ ಇರಬಹುದು. ಥರ್ಮಾಕೋಲ್ ಪೆಟ್ಟಿಗೆಯಲ್ಲೇ ಮುಚ್ಚಿಟ್ಟಿದ್ದೆ. ಆಗಸ್ಟ್ ಕೊನೆಗೆ 25ರ ಐಪೀಸಿನ ಗಾಜಿಗೆ ಜೇಡನ ಬಲೆಯಂತೆ ಬೂಜು. ಅಂಗಡಿಗೆ ಫೋನು ಮಾಡಿದರೆ “ನಿಮ್ಮ ಕಡೆ ಮಳೆ ಜಾಸ್ತಿ ಅಲ್ವಾ” ಎಂದರು, ಅಷ್ಟೆ. ಈಗ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ. ನೀವು ಮೊದಲ ದಿನದಿಂದಲೇ ಹಾಗೆ ಮಾಡಿ. ಪುಟ್ಟಿ ಆ ಬೂಜನ್ನು ಒರೆಸಲು ಬಿಡಲಿಲ್ಲ. ಹತ್ತಿಯ ತುದಿಯಲ್ಲಿ ತೆಗೆದು ಸ್ಲೈಡಿಗೆ ಹಚ್ಚಿ, 10ರ ಐಪೀಸ್ ಹಾಕಿ ನೋಡಿದಳು. ಕವಲೊಡೆದ ಎಳೆಗಳು, ಒಳಗೆ ಮಹಾಳಿಯಲ್ಲಿ ಕಾಣದಿದ್ದ ಅಡ್ಡಗೋಡೆಗಳು.

“ಬಹುಕೋಶ,” ಎಂದಳು, ಕಣ್ಣು ತೆಗೆಯದೆ.